ಯುರೋಪಾ ಯಾನ: ವಿಕಿರಣದೆದುರು ಕಾಗದದ ಭರವಸೆ ಸಾಲದು

ಗುರುಗ್ರಹದತ್ತ ಸಾಗುತ್ತಿರುವ ಅಮೆರಿಕದ ‘ಯುರೋಪಾ ಕ್ಲಿಪರ್’ ನೌಕೆ 2030ರ ಏಪ್ರಿಲ್‌ನಲ್ಲಿ ಗುರಿ ಮುಟ್ಟಬೇಕಿದೆ. ಸುಮಾರು 500 ಕೋಟಿ ಡಾಲರ್ ವೆಚ್ಚದ ಈ ಯೋಜನೆಯ ಅಳಿವು-ಉಳಿವಿನ ಪ್ರಶ್ನೆ ಎದ್ದದ್ದು ಪುಟ್ಟ ಟ್ರಾನ್ಸಿಸ್ಟರ್‌ಗಳಿಂದ.

ಗುರುವಿನ ಪ್ರಬಲ ಕಾಂತಕ್ಷೇತ್ರದಲ್ಲಿ ಸೆರೆಸಿಕ್ಕ ಕಣಗಳು ಸೌರಮಂಡಲದ ಗ್ರಹಗಳಲ್ಲೇ ಅತಿ ತೀವ್ರವಾದ ವಿಕಿರಣ ಪಟ್ಟಿಯನ್ನು ನಿರ್ಮಿಸಿವೆ. ಆದ್ದರಿಂದಲೇ ನೌಕೆಯ ಸೂಕ್ಷ್ಮ ಉಪಕರಣಗಳನ್ನು ಸುಮಾರು 9 ಮಿ.ಮೀ. ದಪ್ಪದ ಅಲ್ಯೂಮಿನಿಯಂ-ಸತು ಮಿಶ್ರಲೋಹದ ಪೆಟ್ಟಿಗೆಯಲ್ಲಿ ಇರಿಸಲಾಗಿದೆ. ಈ ಗೋಡೆ ವಿಕಿರಣವನ್ನು ತಗ್ಗಿಸುತ್ತದೆಯೇ ಹೊರತು ಪೂರ್ಣವಾಗಿ ತಡೆಯದು.

ಉಡಾವಣೆಗೆ ಕೆಲವೇ ತಿಂಗಳಿದ್ದಾಗ, 2024ರ ಮೇನಲ್ಲಿ ಆತಂಕದ ಸುದ್ದಿ ಬಂತು. ನೌಕೆಯಲ್ಲಿ ಅಳವಡಿಸಿದಂಥವೇ ಟ್ರಾನ್ಸಿಸ್ಟರ್‌ಗಳು ಬೇರೆಡೆಯ ಪರೀಕ್ಷೆಗಳಲ್ಲಿ, ನಿರೀಕ್ಷೆಗಿಂತ ಕಡಿಮೆ ವಿಕಿರಣಕ್ಕೇ ಕೆಟ್ಟಿದ್ದವು. ಪೆಟ್ಟಿಗೆಯನ್ನು ಆಗಲೇ ಮುಚ್ಚಲಾಗಿತ್ತು. ಬಿಡಿಭಾಗ ಬದಲಿಸಹೊರಟರೆ ಅಕ್ಟೋಬರ್‌ನ ಉಡಾವಣೆ ಕೈತಪ್ಪುತ್ತಿತ್ತು.

ವಿಕಿರಣ ತಾಗಿದಾಗ ಟ್ರಾನ್ಸಿಸ್ಟರ್‌ನ ಆಕ್ಸೈಡ್ ಪದರದಲ್ಲಿ ವಿದ್ಯುದಾವೇಶ ಸಿಕ್ಕಿಕೊಳ್ಳುತ್ತದೆ. ಅದು ಹೆಚ್ಚಿದಂತೆ, ಆಫ್ ಆಗಬೇಕಾದ ಸ್ವಿಚ್ ಆಫ್ ಆಗದೆ ವಿದ್ಯುತ್ ಸೋರತೊಡಗುತ್ತದೆ. ಆದರೆ ಬಿಡುವು ದೊರೆತರೆ ಈ ಆವೇಶ ನಿಧಾನವಾಗಿ ಇಳಿದು, ಭಾಗಶಃ ಚೇತರಿಕೆಯೂ ಸಾಧ್ಯ. ಬಿಸಿ ಇದಕ್ಕೆ ನೆರವಾಗುತ್ತದೆ.

ನಾಲ್ಕು ತಿಂಗಳ ಹಗಲಿರುಳು ಪರೀಕ್ಷೆಯ ಬಳಿಕ ನಾಸಾ ತಜ್ಞರಿಗೆ ಧೈರ್ಯ ಕೊಟ್ಟದ್ದು ಇದೇ ಗುಣ. ನೌಕೆಯ ಪ್ರತಿ ಸುತ್ತಿಗೆ ಸುಮಾರು 21 ದಿನ. ಅದರಲ್ಲಿ ತೀವ್ರ ವಿಕಿರಣದ ಹೊಡೆತ ಸುಮಾರು ಒಂದು ದಿನ ಮಾತ್ರ. ಉಳಿದ ದಿನಗಳು ಚೇತರಿಕೆಗೆ ಲಭ್ಯ. ಹೀಗೆ ಲೆಕ್ಕ ಹಾಕಿ, 2024ರ ಅಕ್ಟೋಬರ್ 14ರಂದು ನೌಕೆಯನ್ನು ಉಡಾಯಿಸಲಾಯಿತು.

ಭಾರತಕ್ಕೂ ಇಂತಹ ಅನಿಶ್ಚಿತತೆ ಹೊಸದಲ್ಲ. ಎರಡು ವರ್ಷ ಬಾಳಬೇಕಿದ್ದ ಚಂದ್ರಯಾನ-1ರ ನಕ್ಷತ್ರ ಸಂವೇದಕಗಳು 2009ರಲ್ಲಿ ಕೈಕೊಟ್ಟವು. ಇಸ್ರೊ ವಿಜ್ಞಾನಿಗಳು ಗೈರೊಸ್ಕೋಪ್‌ಗಳ ನೆರವಿನಿಂದ ನೌಕೆಯನ್ನು ನಡೆಸಿದರೂ, 312ನೇ ದಿನಕ್ಕೆ ಸಂಪರ್ಕ ಕಡಿದುಹೋಯಿತು.

ಒಂದು ಬಿಡಿಭಾಗ ಇಷ್ಟು ವಿಕಿರಣ ತಾಳುತ್ತದೆಂಬ ಪ್ರಮಾಣಪತ್ರ ಅಂತಿಮವಲ್ಲ ಎಂಬುದು ಯುರೋಪಾ ಪ್ರಕರಣದ ಪಾಠ. ಒಂದು ತಂಡದ ಉತ್ಪನ್ನಕ್ಕೂ ಮತ್ತೊಂದಕ್ಕೂ ವ್ಯತ್ಯಾಸವಿರುತ್ತದೆ. ವಿಕಿರಣ ಒಮ್ಮೆಲೇ ತಾಗುವುದೋ ಬಿಟ್ಟುಬಿಟ್ಟು ತಾಗುವುದೋ, ಉಷ್ಣತೆ ಎಷ್ಟು, ಬಿಡಿಭಾಗ ಯಾವ ಸರ್ಕ್ಯೂಟ್‌ನಲ್ಲಿದೆ ಎಂಬುದೆಲ್ಲವೂ ಬಾಳಿಕೆಯನ್ನು ನಿರ್ಧರಿಸುತ್ತವೆ. ಭೂಮಿಯ ಮೇಲಿನ ಈ ಲೆಕ್ಕ ಎಷ್ಟು ಸರಿಯೆಂಬುದು, ಯುರೋಪಾ ಬಳಿ ಯೋಜಿಸಿರುವ 49 ಹಾರಾಟಗಳಲ್ಲಿ ಒಂದೊಂದಾಗಿ ಪರೀಕ್ಷೆಗೊಳಗಾಗಲಿದೆ.