ವಿದ್ಯಾರ್ಥಿವೇತನವೂ ಕಡೆಯ ದಿನಾಂಕವೂ

ಬಡವರ ಮಕ್ಕಳಿಗೆ ಕಾಲೇಜಿನ ಬಾಗಿಲನ್ನು ತೆರೆಯತಕ್ಕ ಸಾಧನಗಳಲ್ಲಿ ವಿದ್ಯಾರ್ಥಿವೇತನವು ಮುಖ್ಯವಾದುದು. ಕರ್ನಾಟಕದಲ್ಲಿ ಅದರ ಅರ್ಜಿಯನ್ನು ಇಂದು ಎಸ್.ಎಸ್.ಪಿ. ಎಂಬ ಗಣಕ ವ್ಯವಸ್ಥೆಯಲ್ಲಿ ಸಲ್ಲಿಸಬೇಕು. 2013ರ ಜನವರಿ 1ರಂದು ದೇಶದಲ್ಲಿ ಆರಂಭವಾದ ನೇರ ನಗದು ವರ್ಗಾವಣೆಯ ಪದ್ಧತಿಯಿಂದ ಹಣವು ಮಧ್ಯವರ್ತಿಗಳ ಕೈ ಸೋಕದೆ ಫಲಾನುಭವಿಯ ಖಾತೆಗೇ ಸೇರುವುದು ಶ್ಲಾಘ್ಯವೇ ಸರಿ.

ಆದರೆ ಅಂಕಪಟ್ಟಿಯ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರದ ಭೇದವಿದ್ದರೂ ಅರ್ಜಿಯು ತಡೆಯುಂಟು. ಪಾಸುಪುಸ್ತಕವಿದ್ದ ಮಾತ್ರಕ್ಕೆ ಸಾಲದು, ಎನ್.ಪಿ.ಸಿ.ಐ. ದಾಖಲೆಯಲ್ಲಿ ಆಧಾರು ಆ ಖಾತೆಗೆ ಜೋಡಣೆಯಾಗಿರಬೇಕು. ಗುಪ್ತಸಂಖ್ಯೆಯು ಎಂದೋ ಕೈಬಿಟ್ಟ ಮೊಬೈಲಿಗೆ ಹೋಗುವುದೂ ಉಂಟು. ಕಡೆಯ ದಿನಗಳಲ್ಲಿ ಎಲ್ಲರೂ ಒಮ್ಮೆಲೇ ನುಗ್ಗಲು ಯಂತ್ರವೇ ಸ್ತಬ್ಧವಾಗುತ್ತದೆ. ಕೂಲಿಯನ್ನು ಬಿಟ್ಟು ಸೈಬರ್ ಅಂಗಡಿಯ ಮುಂದೆ ಕುಳಿತ ತಾಯಿಗೆ ದೋಷವೆಲ್ಲಿದೆಯೆಂದು ತಿಳಿಸುವವರಾರು?

ಅವಧಿಯನ್ನು ವಿಸ್ತರಿಸುವುದೊಂದೇ ಇದಕ್ಕೆ ಪರಿಹಾರವಲ್ಲ. ತನ್ನ ತಪ್ಪಾವುದೆಂದು ಅರಿಯದವನಿಗೆ ಹತ್ತು ದಿನ ಹೆಚ್ಚು ಕೊಟ್ಟರೂ ಫಲವೇನು? ಅವಧಿಯೊಳಗೆ ಬಂದ ಅರ್ಜಿಯನ್ನು ಸ್ವೀಕೃತವೆಂದೇ ಎಣಿಸಿ, ದೋಷವನ್ನು ತಿಳಿಗನ್ನಡದಲ್ಲಿ ತಿಳಿಸಿ, ತಿದ್ದಲು ಪ್ರತ್ಯೇಕ ಕಾಲಾವಕಾಶವನ್ನು ಕೊಡುವುದು ಸರ್ಕಾರದ ಕರ್ತವ್ಯ. ವೇತನವು ಬರುವವರೆಗೆ ಶುಲ್ಕಕ್ಕಾಗಿ ಪೀಡಿಸದಿರುವುದು ಕಾಲೇಜುಗಳ ಧರ್ಮ.

ಪ್ರೌಢಶಾಲೆಗಳ ಹೊಣೆಯೂ ಕಡಿಮೆಯದಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯು ಅಚ್ಚಾಗುವ ಮೊದಲೇ ಪ್ರತಿಯೊಂದು ಮಗುವಿನ ಹೆಸರನ್ನು ಆಧಾರಿನೊಡನೆ ಹೋಲಿಸಿ ತಿದ್ದಿಸಿದಲ್ಲಿ ಮುಂದಿನ ಅಲೆದಾಟದ ಬಹುಭಾಗವು ತಪ್ಪುವುದು. ಉಪಾಧ್ಯಾಯರು ಇದಕ್ಕಾಗಿ ವ್ಯಯಿಸುವ ಒಂದು ಗಂಟೆಯು ಒಬ್ಬ ಬಾಲಕಿಯ ಓದನ್ನೇ ಉಳಿಸಬಲ್ಲದು.