ಅಮ್ಮನಿಗೆ ಮಾತ್ರ ಹೊಡೆಯುವ ಕರೆಂಟು

"ಓವನ್ ಮುಟ್ಟಿದ್ರೆ ಕೈ ಜುಂ ಅನ್ನತ್ತೆ ಕಣೋ" ಅಂತ ಅಮ್ಮ ಮೊದಲ ಸಲ ಹೇಳಿದ್ದು ಜೂನ್ ತಿಂಗಳಲ್ಲಿ. ಸಾಗರದಲ್ಲಿ ಮಳೆ ಹಿಡಿದು ಹತ್ತು ದಿನವಾಗಿತ್ತು. ವಾರಾಂತ್ಯಕ್ಕೆ ಊರಿಗೆ ಹೋಗಿದ್ದ ನಾನು ಫೋನ್ ಪಕ್ಕಕ್ಕಿಟ್ಟು, ಅಡುಗೆಮನೆಗೆ ಹೋಗಿ, ಓವನ್ನಿನ ಮೈಯನ್ನು ಎರಡು ಕಡೆ ಮುಟ್ಟಿ ನೋಡಿದೆ. ಏನೂ ಆಗಲಿಲ್ಲ.

"ಇಲ್ವಲ್ಲಮ್ಮ."

"ಈಗ ಬಿಸಿಯಾಗಿದೆ, ಈಗ ಹೊಡೆಯಲ್ಲ. ಮೊದಲನೇ ಟ್ರೇ ಇಡುವಾಗ ಮಾತ್ರ."

ಮೊದಲನೇ ಟ್ರೇಗೆ ಹೊಡೆದು ಎರಡನೇ ಟ್ರೇಗೆ ಸುಮ್ಮನಿರುವ ಕರೆಂಟನ್ನು ನಾನು ಕಂಡಿರಲಿಲ್ಲ. ಆಫೀಸಿನಲ್ಲಿ ಟೆಸ್ಟಿಂಗ್‌ನವರು ಬಗ್ ತಂದಾಗ ನಾವು ಒಂದು ಮಾತು ಹೇಳಿ ಕೈ ತೊಳೆದುಕೊಳ್ಳುತ್ತೇವಲ್ಲ, ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗೇ ಓಡ್ತಿದೆ ಅಂತ, ಹೆಚ್ಚುಕಡಿಮೆ ಅದನ್ನೇ ಅಮ್ಮನಿಗೂ ಹೇಳಿ ಬಂದೆ. ಒದ್ದೆ ಕೈಯಲ್ಲಿ ಮುಟ್ಟಬೇಡ ಅಂತ ಒಂದು ಉಪದೇಶ ಬೇರೆ.

ಆ ಓವನ್ ನಾನೇ ಕೊಡಿಸಿದ್ದು. ಮೂರು ವರ್ಷದ ಹಿಂದಿನ ಓಟಿಜಿ, 1600 ವ್ಯಾಟ್, ಮೇಲೆ ಎರಡು ರಾಡ್, ಕೆಳಗೆ ಎರಡು ರಾಡ್. ಅಮ್ಮ ಅದರಲ್ಲಿ ನಾನ್‌ಖಟಾಯಿ, ಖಾರಾ ಬಿಸ್ಕತ್ತು ಮಾಡಿ ನಮ್ಮ ಬೀದಿಯವರಿಗೂ ಪೇಟೆಯ ಒಂದು ಅಂಗಡಿಗೂ ಕೊಡುತ್ತಾಳೆ. ದೊಡ್ಡ ದುಡ್ಡೇನಲ್ಲ. ಆದರೆ ಅದು ಅವಳ ದುಡ್ಡು, ಅಪ್ಪನ ಪಿಂಚಣಿಯಿಂದ ಬಂದದ್ದಲ್ಲ. ಆ ಲೆಕ್ಕಕ್ಕೆ ಅವಳು ಬೇರೆ ಪುಸ್ತಕವನ್ನೇ ಇಟ್ಟಿದ್ದಾಳೆ.

ಆಗಸ್ಟ್‌ನಲ್ಲಿ ಒಂದು ಮಂಗಳವಾರ ಫೋನ್ ಬಂತು. ಓವನ್ನಿನೊಳಗೆ 'ಪಟ್' ಅಂತ ಸದ್ದಾಗಿ ಕಿಡಿ ಹಾರಿತಂತೆ. ಅವತ್ತಿನಿಂದ ಕೆಳಗಿನ ಎರಡೂ ರಾಡ್ ಕೆಂಪಾಗ್ತಿಲ್ಲ. ಬಿಸ್ಕತ್ತು ಮೇಲೆ ಸೀದಿರತ್ತೆ, ಕೆಳಗೆ ಹಸಿ ಹಿಟ್ಟು. "ಮಗುಚಿ ಹಾಕಿ ಹೇಗೋ ಮಾಡ್ತಿದ್ದೀನಿ, ಶನಿವಾರ ಬಂದಾಗ ನೋಡು" ಅಂದಳು. ನಾನೂ ಹೂಂ ಅಂದೆ. ಮಾಡಬೇಡ, ಪ್ಲಗ್ ಕೀಳು ಅಂತ ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ತಾಳಗುಪ್ಪದ ರೈಲಿನಿಂದಿಳಿದು ಮನೆಗೆ ಹೋಗಿ ಅಡುಗೆಮನೆ ನೋಡಿದರೆ, ಓವನ್ ಇರುವ ಕಟ್ಟೆಯ ಮುಂದೆ, ಕೆಂಪು ಗಾರೆ ನೆಲದ ಮೇಲೆ ಒಂದು ಮಣೆ. ಊಟಕ್ಕೆ ಹಾಕುವ ಹಲಸಿನ ಮರದ ಮಣೆ.

"ಇದ್ಯಾಕಮ್ಮ ಇಲ್ಲಿ?"

"ಅದರ ಮೇಲೆ ನಿಂತ್ರೆ ಹೊಡೆಯಲ್ಲ."

ಎರಡು ತಿಂಗಳಿಂದ ಅವಳು ಆ ಮಣೆ ಹತ್ತಿ ನಿಂತು ಬಿಸ್ಕತ್ತು ಸುಡುತ್ತಿದ್ದಳು. ಎಂಜಿನಿಯರಿಂಗ್ ಓದಿದ ಮಗ ಭ್ರಮೆ ಅಂದಿದ್ದಕ್ಕೆ ಅವಳು ತಾನೇ ಪ್ರಯೋಗ ಮಾಡಿ, ಪರಿಹಾರವನ್ನೂ ಕಂಡುಕೊಂಡಿದ್ದಳು. ನಾನು ನನ್ನ ಕಾಲು ನೋಡಿಕೊಂಡೆ. ರಬ್ಬರ್ ಚಪ್ಪಲಿ. ಬೆಂಗಳೂರಿನಲ್ಲಿ ಮನೆಯೊಳಗೂ ಚಪ್ಪಲಿ ಹಾಕಿ ಅಭ್ಯಾಸವಾಗಿದೆ, ಅಮ್ಮ ಅದಕ್ಕೆ ಬೈಯುವುದನ್ನು ಬಿಟ್ಟು ಎಷ್ಟೋ ದಿನವಾಯಿತು. ಅವಳು ಮಾತ್ರ ದೇವರ ಗೂಡಿರುವ ಅಡುಗೆಮನೆಯಲ್ಲಿ ಚಪ್ಪಲಿ ಮೆಟ್ಟುವವಳಲ್ಲ. ಜೂನ್‌ನಲ್ಲಿ ನಾನು ಮುಟ್ಟಿದ್ದು ಬಣ್ಣ ಬಳಿದ ಹೊರಗಿನ ತಗಡನ್ನು, ಅದೂ ಚಪ್ಪಲಿ ಹಾಕಿಕೊಂಡು. ಅವಳು ಮುಟ್ಟುತ್ತಿದ್ದುದು ಕಬ್ಬಿಣದ ಇಕ್ಕಳದಿಂದ ಒಳಗಿನ ಬರಿ ಲೋಹವನ್ನು, ಬರಿಗಾಲಲ್ಲಿ ತಂಪು ನೆಲದ ಮೇಲೆ ನಿಂತು. ಕರೆಂಟ್ ನನಗೂ ಅವಳಿಗೂ ಭೇದ ಮಾಡಿದ್ದು ಹೀಗೆ.

ಪ್ಲಗ್ ಕಿತ್ತು, ಓವನ್ ಅನ್ನು ಜಗುಲಿಗೆ ಹೊತ್ತು ತಂದೆ. ಹಿಂದೆ, ಕೆಳಗೆ ಸೇರಿ ಹನ್ನೊಂದು ಸ್ಕ್ರೂ. ಬಿಚ್ಚಿದರೆ ಹೊರಗಿನ ತಗಡು ಟೋಪಿಯ ಹಾಗೆ ಕಳಚಿ ಬರುತ್ತದೆ. ಅದರ ಅಂಚು ಬ್ಲೇಡಿನ ಹಾಗಿರುತ್ತದೆ, ಮೊದಲ ಐದು ನಿಮಿಷಕ್ಕೇ ನನ್ನ ಹೆಬ್ಬೆರಳು ಕುಯ್ದುಕೊಂಡಿತು. ಒಂದು ವೈರ್ ಕೂಡ ಬಿಚ್ಚುವ ಮೊದಲು ಎಡಬಲ ಎರಡೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಂಡೆ. ಈ ಇಡೀ ಕಥೆಯಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಬಹುಶಃ ಅದೊಂದೇ.

ಈ ರಾಡ್ ಒಳಗೆ ಹೇಗಿರುತ್ತದೆ ಗೊತ್ತೇ? ನಟ್ಟನಡುವೆ ಸ್ಪ್ರಿಂಗಿನ ಹಾಗೆ ಸುತ್ತಿದ ನೈಕ್ರೋಮ್ ತಂತಿ. ಬಿಸಿಯಾಗುವುದು ಅದೇ. ಹೊರಗೆ ಸ್ಟೀಲ್ ಕೊಳವೆ. ಎರಡರ ನಡುವೆ ಗಟ್ಟಿಯಾಗಿ ತುಂಬಿದ ಬಿಳಿ ಪುಡಿ, ಮೆಗ್ನೀಸಿಯಂ ಆಕ್ಸೈಡ್. ಈ ಪುಡಿ ಶಾಖವನ್ನು ದಾಟಿಸುತ್ತದೆ, ಕರೆಂಟನ್ನು ತಡೆಯುತ್ತದೆ. ಆದರೆ ಅದಕ್ಕೊಂದು ಕೆಟ್ಟ ಗುಣವಿದೆ: ತೇವ ಹೀರುತ್ತದೆ. ರಾಡಿನ ತುದಿಯ ಸೀಲ್ ಬಿರಿದರೆ ಮಲೆನಾಡಿನ ಮಳೆಗಾಲದ ಗಾಳಿಯೇ ಸಾಕು. ತೇವವಾದ ಪುಡಿಯ ಮೂಲಕ ಕರೆಂಟ್ ಚೂರುಚೂರೇ ಹೊರಗಿನ ಕೊಳವೆಗೆ, ಅಲ್ಲಿಂದ ಓವನ್ನಿನ ಮೈಗೆ ಜಿನುಗುತ್ತದೆ. ರಾಡ್ ಕಾದಂತೆ ಪುಡಿ ಒಣಗುತ್ತದೆ, ಜಿನುಗುವುದು ಕಡಿಮೆಯಾಗುತ್ತದೆ.

ಮೊದಲನೇ ಟ್ರೇಗೆ ಹೊಡೆಯುತ್ತೆ, ಎರಡನೆಯದಕ್ಕೆ ಇಲ್ಲ. ಅಮ್ಮ ಹೇಳಿದ್ದು ಇದನ್ನೇ ಅಲ್ಲವಾ.

ಕೆಳಗಿನ ಹಿಂಬದಿಯ ರಾಡಿನ ಮಧ್ಯೆ ಮೆಣಸಿನ ಕಾಳಿನಷ್ಟು ತೂತು, ಸುತ್ತ ಮಸಿ. ಮಲ್ಟಿಮೀಟರನ್ನು ಅದರ ಎರಡು ತುದಿಗೆ ಹಿಡಿದರೆ ಏನೂ ತೋರಿಸಲಿಲ್ಲ, ಅಂದರೆ ಒಳಗೆ ತಂತಿ ತುಂಡಾಗಿದೆ. ಪಕ್ಕದ ರಾಡ್ 32 ಓಮ್, ಚೆನ್ನಾಗೇ ಇದೆ. ಹಾಗಾದರೆ ಅದ್ಯಾಕೆ ಕೆಂಪಾಗ್ತಿರಲಿಲ್ಲ? ಈ ಓವನ್ನಿನಲ್ಲಿ ಕೆಳಗಿನ ಎರಡೂ ರಾಡ್ ಒಂದರ ಹಿಂದೆ ಒಂದು, ಸೀರೀಸ್‌ನಲ್ಲಿವೆ. ಹಳೇ ಕಾಲದ ಸೀರಿಯಲ್ ಬಲ್ಬಿನ ಸರದ ಹಾಗೆ ಒಂದು ಹೋದರೆ ಜೋಡಿಯೂ ಕತ್ತಲು. ಎರಡೂ ತಣ್ಣಗಿವೆ ಅಂತ ಎರಡನ್ನೂ ಕೊಳ್ಳಬೇಕಿಲ್ಲ.

ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಸುಟ್ಟ ರಾಡಿನ ತುದಿಗೂ ಇನ್ನೊಂದನ್ನು ಅದರ ಹೊರಗಿನ ಕೊಳವೆಗೂ ಇಟ್ಟೆ. ಒಳ್ಳೆಯ ರಾಡಿನಲ್ಲಿ ಅಲ್ಲಿ ಏನೂ ಬರಬಾರದು. ಇದರಲ್ಲಿ 90 ಕಿಲೋ ಓಮ್ ಬಂತು. 230 ವೋಲ್ಟನ್ನು 90 ಸಾವಿರದಿಂದ ಭಾಗಿಸಿದರೆ ಸುಮಾರು ಎರಡೂವರೆ ಮಿಲಿಆಂಪ್. ಒಂದು ಮಿಲಿಆಂಪಿಗೇ ಕೈ ಜುಂ ಅನ್ನುತ್ತದೆ. ಹತ್ತು ದಾಟಿದರೆ ಹಿಡಿದದ್ದನ್ನು ಬಿಡಲು ಕೈ ಕೇಳದೆ ಹೋಗಬಹುದು. ಇನ್ನು ತುಂಡಾದ ತಂತಿಯ ತುದಿ ಜರುಗಿ ಕೊಳವೆಗೆ ತಾಗಿತು ಅನ್ನಿ, ಆಗ ನಡುವೆ ಪುಡಿಯೂ ಇಲ್ಲ, ಏನೂ ಇಲ್ಲ. ರಾಡ್ ಬಿಸಿಯಾಗುತ್ತಿಲ್ಲ ಅಂದಮಾತ್ರಕ್ಕೆ ಅದರಲ್ಲಿ ಕರೆಂಟ್ ಇಲ್ಲ ಅಂತಲ್ಲ. ಅಂಥ ಓವನ್ನಿನಲ್ಲಿ ಅಮ್ಮ ಮಂಗಳವಾರದಿಂದ ಬಿಸ್ಕತ್ತು ಮಗುಚಿ ಹಾಕುತ್ತಿದ್ದಳು.

ನಟ್ ತುಕ್ಕು ಹಿಡಿದು ಕೂತಿತ್ತು. ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಕಾಫಿ ಕುಡಿದು ಬಂದೆ. ರಾಡಿನ ಬುಡವನ್ನು ಇಕ್ಕಳದಲ್ಲಿ ಬಿಗಿಯಾಗಿ ಹಿಡಿದೇ ನಟ್ ತಿರುಗಿಸಬೇಕು, ಇಲ್ಲದಿದ್ದರೆ ತುದಿಯ ಪಿಂಗಾಣಿ ಬಿಲ್ಲೆ ಒಡೆಯುತ್ತದೆ. ಇದು ಗೊತ್ತಾಗಿದ್ದು ಒಂದು ಒಡೆದ ಮೇಲೆ.

ಭಾನುವಾರ ರಾತ್ರಿ ಹೊರಡುವಾಗ ಓವನ್ನಿನ ವೈರಿನಿಂದ ತ್ರೀ ಪಿನ್ ಪ್ಲಗ್ಗನ್ನೇ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ. ಮೇಲಿನ ರಾಡುಗಳು ಉರಿಯುತ್ತವೆ ಅಂತ ಅಮ್ಮ ಮತ್ತೆ ಶುರು ಮಾಡುತ್ತಾಳೆ ಅಂತ ಗೊತ್ತಿತ್ತು. "ಶುಕ್ರವಾರ ಎರಡು ಕೇಜಿ ಕೊಡಬೇಕಿತ್ತು" ಅಂದಳು. ನಾನು ಪ್ಲಗ್ ವಾಪಸ್ ಕೊಡಲಿಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನ ಓಣಿಯೊಂದರ ಅಂಗಡಿಯಲ್ಲಿ ಸುಟ್ಟ ರಾಡ್ ತೋರಿಸಿದ್ದೇ ತಡ, ಅದೇ ಉದ್ದದ್ದು, ಅದೇ ದಪ್ಪದ್ದು ಎರಡು ತಂದಿಟ್ಟರು. "ಇದು ನೂರಾ ಹದಿನೈದು ವೋಲ್ಟು, ಇದು ಇನ್ನೂರಾ ಮೂವತ್ತು. ಯಾವ್ದು ಬೇಕು ಸಾರ್?" ನಮ್ಮ ದೇಶದ ಕರೆಂಟೇ 230, ಅದನ್ನೇ ಕೊಡಿ ಅಂತ ಬಾಯಿಗೆ ಬಂದಿತ್ತು. ಪುಣ್ಯಕ್ಕೆ 32 ಓಮ್ ನೆನಪಾಯಿತು. ಲೆಕ್ಕ ಸುಲಭ: ವೋಲ್ಟನ್ನು ವೋಲ್ಟಿನಿಂದ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಓಮ್. ಕೆಳಗಿನ ಜೋಡಿ 800 ವ್ಯಾಟ್, ಅಂದರೆ 66 ಓಮ್, ಒಂದೊಂದಕ್ಕೆ 33. ಎರಡು ರಾಡ್ 230 ವೋಲ್ಟನ್ನು ಅರ್ಧರ್ಧ ಹಂಚಿಕೊಳ್ಳುವುದರಿಂದ ಬೇಕಾದದ್ದು 115ರದ್ದೇ. 400 ವ್ಯಾಟಿನ 230ರ ರಾಡ್ ಹಾಕಿದ್ದರೆ ಅದು 132 ಓಮ್. ಏನೂ ಸುಡುತ್ತಿರಲಿಲ್ಲ ನಿಜ, ಆದರೆ 800 ವ್ಯಾಟ್ ಬರಬೇಕಾದ ಕಡೆ 320 ಬರುತ್ತಿತ್ತು, ನಾನ್‌ಖಟಾಯಿ ಬಿಳಿಚಿಕೊಂಡೇ ಇರುತ್ತಿತ್ತು. ಅಂಗಡಿಯ ಮೀಟರಿನಲ್ಲೇ ಅಳೆಸಿ, 33 ತೋರಿಸಿದ್ದನ್ನು ತಗೊಂಡೆ. ರಾಡಿಗೆ 220 ರೂಪಾಯಿ. ಜೊತೆಗೆ ಪಿಂಗಾಣಿ ಬಿಲ್ಲೆ, ಗ್ಲಾಸ್ ಫೈಬರ್ ಹೊದಿಕೆಯ ವೈರ್ ಒಂದು ಮೀಟರ್. ಅಲ್ಲಿಗೆ ಮಾಮೂಲಿ ಪಿವಿಸಿ ವೈರ್ ಹಾಕಿದರೆ ಹೊದಿಕೆ ಕರಗುತ್ತದೆ. ಬೆಸುಗೆಯೂ ನಿಲ್ಲುವುದಿಲ್ಲ, ಮಾಮೂಲಿ ತವರ-ಸೀಸದ ಬೆಸುಗೆ 183 ಡಿಗ್ರಿಯಿಂದಲೇ ಕರಗಲು ಶುರುವಾಗುತ್ತದೆ. ನಟ್ ಹಾಕಿ ಬಿಗಿ ಮಾಡುವುದೊಂದೇ ದಾರಿ.

ಮುಂದಿನ ಶನಿವಾರ ರಾಡ್ ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಫೋಟೊ ನೋಡಿಕೊಂಡು ವೈರ್ ಸೇರಿಸಿದೆ. ಇಷ್ಟಾದಾಗ ಪ್ಲಗ್ ಹಾಕಿ ಸ್ವಿಚ್ ಒತ್ತಿ ಬೀಗುವುದೊಂದೇ ಬಾಕಿ.

ಆದರೆ ವಾರವಿಡೀ ಒಂದು ಪ್ರಶ್ನೆ ಕೊರೆಯುತ್ತಿತ್ತು. ಪ್ಲಗ್ಗಿನಲ್ಲಿ ಮೂರು ಪಿನ್ ಇದೆ. ಮೇಲಿನ ದಪ್ಪ ಪಿನ್ ಇರುವುದೇ ಇಂಥ ಹೊತ್ತಿಗೆ: ಮೈಗೆ ಜಿನುಗಿದ ಕರೆಂಟನ್ನು ನೆಲಕ್ಕೆ ಒಯ್ಯುವುದಕ್ಕೆ. ಅದು ತನ್ನ ಕೆಲಸ ಮಾಡಿದ್ದರೆ ಅಮ್ಮನ ಕೈಗೆ ಏನೂ ಬರುತ್ತಿರಲಿಲ್ಲ. ಮೀಟರ್ ಹಿಡಿದೆ. ದಪ್ಪ ಪಿನ್ನಿನಿಂದ ಓವನ್ನಿನ ಮೈಗೆ ಸರಿಯಾಗಿ ಬೀಪ್ ಬಂತು. ಹಾಗಾದರೆ ತಪ್ಪು ಓವನ್ನಿನದಲ್ಲ. ಗೋಡೆಯದು.

ಗೋಡೆಯೊಳಗೆ ಕೈ ಹಾಕುವ ಧೈರ್ಯ ನನಗಿಲ್ಲ, ಇರಲೂಬಾರದು. ಎಲೆಕ್ಟ್ರಿಷಿಯನ್ ಬಂದರು, ಹೋಲ್ಡರಿಗೆ ಎರಡು ವೈರ್ ಕಟ್ಟಿದ ಬಲ್ಬ್ ಹಿಡಿದುಕೊಂಡು. ಫೇಸಿಗೂ ನ್ಯೂಟ್ರಲ್ಲಿಗೂ ಕೊಟ್ಟರೆ ಬಲ್ಬ್ ಉರಿಯಿತು. ಫೇಸಿಗೂ ಅರ್ತಿಗೂ ಕೊಟ್ಟರೆ ಉರಿಯಲಿಲ್ಲ. ಅಡುಗೆಮನೆಯಲ್ಲಿ ಇಲ್ಲ, ಹಾಲಿನಲ್ಲಿ ಇಲ್ಲ, ಗೀಸರ್ ಇರುವ ಕಡೆಯೂ ಇಲ್ಲ. ಅವರು ಬಲ್ಬ್ ಕೆಳಗಿಟ್ಟು ಸೀದಾ ಹಿತ್ತಲಿಗೆ ನಡೆದರು. ಬಚ್ಚಲು ಮನೆಯ ಹಿಂದೆ, ಕೆಸುವಿನ ಎಲೆ ಸರಿಸಿದರೆ ಅರ್ತಿಂಗ್ ಪೈಪ್ ಇತ್ತು. ಅದಕ್ಕೆ ಬಂದು ಸೇರಬೇಕಾದ ತಂತಿ ಗೋಡೆಯಿಂದ ಅರ್ಧ ಅಡಿ ಹೊರಬಂದು ಅಲ್ಲಿಗೇ ನಿಂತಿತ್ತು.

ಅಪ್ಪ ನೋಡಿ, "ಓ, ಬಚ್ಚಲಿಗೆ ಟೈಲ್ಸ್ ಹಾಕಿಸಿದಾಗ ಗಾರೆಯವರು ಅಡ್ಡ ಬರತ್ತೆ ಅಂತ ಕತ್ತರಿಸಿದ್ರು. ಆಮೇಲೆ ಹಾಕ್ತೀವಿ ಅಂದಿದ್ರು" ಅಂದರು.

ಟೈಲ್ಸ್ ಹಾಕಿಸಿ ನಾಲ್ಕು ವರ್ಷವಾಗಿದೆ. ಗೀಸರ್, ವಾಷಿಂಗ್ ಮಷೀನ್, ಫ್ರಿಜ್, ಬಾವಿಯ ಪಂಪು, ಎಲ್ಲದಕ್ಕೂ ನಾಲ್ಕು ವರ್ಷದಿಂದ ಮೂರನೇ ಪಿನ್ ಬರೀ ಅಲಂಕಾರ. ಓವನ್ನಿನ ರಾಡ್ ಸುಡದಿದ್ದರೆ ಇದು ಯಾವಾಗ, ಯಾರಿಂದ ಗೊತ್ತಾಗುತ್ತಿತ್ತೋ. ಅದನ್ನು ನಾನು ಜೋರಾಗಿ ಹೇಳಲಿಲ್ಲ. ಅಪ್ಪನ ಮುಖ ಆಗಲೇ ಸಣ್ಣಗಾಗಿತ್ತು.

ಹೊಸ ಪೈಪ್ ಹೂತು, ಇದ್ದಿಲು, ಉಪ್ಪು ತುಂಬಿ, ಹೊಸ ತಂತಿ ಎಳೆಸಿದ್ದಾಯಿತು. ಮೇನ್ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಅಷ್ಟು ವ್ಯತ್ಯಾಸ ಬಂದರೆ ಅದು ತಾನೇ ಬೀಳುತ್ತದೆ. ಹಾಕಿದ ಅರ್ಧ ಗಂಟೆಯಲ್ಲೇ ಬಿತ್ತು. ಅಮ್ಮ ಗ್ರೈಂಡರ್ ಹಾಕಿದ್ದಳು. ಹದಿನೈದು ವರ್ಷದ ಗ್ರೈಂಡರ್, ಅದರ ಕಥೆ ಇನ್ನೊಂದು ವಾರಕ್ಕಾಗುತ್ತದೆ. ಅದರ ಮೇಲೊಂದು 'ಟೆಸ್ಟ್' ಬಟನ್ ಇದೆ, ತಿಂಗಳಿಗೊಂದು ಸಲ ಒತ್ತಿ ನೋಡಬೇಕು. ಆ ಕೆಲಸವನ್ನು ಅಪ್ಪ ತಾವೇ ವಹಿಸಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.

ಸಂಜೆ ಓವನ್ನಿಗೆ ಪ್ಲಗ್ ಹಾಕಿ, ಕಿಟಕಿ ತೆರೆದು, ಬರಿದೇ ಇಪ್ಪತ್ತು ನಿಮಿಷ ಉರಿಸಿದೆ. ಹೊಸ ರಾಡ್ ಮೊದಲ ಸಲ ಸ್ವಲ್ಪ ಹೊಗೆ, ವಾಸನೆ ಬಿಡುತ್ತದೆ, ಹೆದರಬೇಕಿಲ್ಲ. ನಾಲ್ಕೂ ಕೆಂಪಾದವು. ಚಪ್ಪಲಿ ಹೊರಗೆ ಬಿಟ್ಟು ಬಂದು, ಬರಿಗಾಲಲ್ಲಿ ನೆಲದ ಮೇಲೆ ನಿಂತು, ಇಕ್ಕಳದಲ್ಲಿ ಒಳಗಿನ ಜಾಲರಿ ಮುಟ್ಟಿದೆ. ಮರುದಿನ ಬೆಳಿಗ್ಗೆ ಓವನ್ ತಣ್ಣಗಿದ್ದಾಗ, ಸ್ವಿಚ್ ಹಾಕಿದ ಕೂಡಲೇ ಇನ್ನೊಂದು ಸಲ ಮುಟ್ಟಿದೆ. ಮೊದಲನೇ ಟ್ರೇಯ ಹೊತ್ತಿಗೆ.

"ಈಗ ನೋಡಮ್ಮ, ಏನೂ ಇಲ್ಲ" ಅಂದೆ.

ಅಮ್ಮ ನಾನ್‌ಖಟಾಯಿ ಟ್ರೇ ಹಿಡಿದು ಬಂದಳು. ಕಾಲಲ್ಲಿ ಮಣೆಯನ್ನು ಓವನ್ನಿನ ಮುಂದಕ್ಕೆ ಸರಿಸಿ, ಅದರ ಮೇಲೆ ಹತ್ತಿ ನಿಂತು, ಬಾಗಿಲು ತೆರೆದಳು.

ನಾನು ಏನೂ ಹೇಳಲಿಲ್ಲ. ಊಟಕ್ಕೆ ಬೇರೆ ಮಣೆ ಹಾಕಿಕೊಂಡೆ.