ಕಣ್ಣಡಿಗೆ ಸೂಜಿ ಚುಚ್ಚುವ ಮುನ್ನ

‘ಯಾಕೆ, ರಾತ್ರಿ ನಿದ್ದೆ ಆಗಿಲ್ವಾ?’ ಎಂಟು ಗಂಟೆ ಚೆನ್ನಾಗಿ ಮಲಗಿ ಎದ್ದು ಬಂದವರಿಗೂ ಈ ಪ್ರಶ್ನೆ ತಪ್ಪುವುದಿಲ್ಲ. ಕಣ್ಣಿನ ಕೆಳಗೆ ಗುಳಿ ಬಿದ್ದು ನೆರಳು ಕೂತರೆ ಮುಖವೆಲ್ಲ ದಣಿದಂತೆ ಕಾಣುತ್ತದೆ. ಈ ಮಾತು ಕೇಳಿ ಕೇಳಿ ಸಾಕಾದವರು, ಚರ್ಮದಡಿ ಜೆಲ್ ಚುಚ್ಚಿ ಗುಳಿ ತುಂಬುವ ಫಿಲ್ಲರ್ ಹಾಕಿಸಿಕೊಳ್ಳಲು ಹೊರಟರೆ ಶೋಕಿ ಎಂದು ಹಂಗಿಸಬೇಕಿಲ್ಲ. ಆದರೆ ಅವರ ಕಣ್ಣಡಿಯಲ್ಲಿರುವುದು ನಿಜಕ್ಕೂ ಗುಳಿಯೇ, ಸೂಜಿ ಹಿಡಿಯುವವರು ಯಾರು ಎಂದು ಕೇಳಲೇಬೇಕು.

ಇಲ್ಲಿ ಬಳಸುವ ಜೆಲ್ ಸಾಮಾನ್ಯವಾಗಿ ಹಯಲುರಾನಿಕ್ ಆಮ್ಲದ್ದು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದಲೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ರೆಸ್ಟಿಲೇನ್ ಎಂಬ ಇಂಥ ಫಿಲ್ಲರನ್ನು ಮುಖದ ಸುಕ್ಕಿಗೆ ಒಪ್ಪಿತು. ಕಣ್ಣಡಿಯ ಗುಳಿಗೆಂದೇ ಜುವಿಡರ್ಮ್ ವೋಲ್ಬೆಲ್ಲಾಕ್ಕೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಆ ಜಾಗ ಅಷ್ಟು ನಾಜೂಕು. ಚರ್ಮ ಅರ್ಧ ಮಿಲಿಮೀಟರ್ ಆಸುಪಾಸು. ಜೆಲ್ ಸ್ವಲ್ಪ ಮೇಲೆ ಕೂತರೂ ನೀಲಿ ಛಾಯೆ ಮೂಡುತ್ತದೆ, ಹೆಚ್ಚಾದರೆ ಊದಿಕೊಳ್ಳುತ್ತದೆ.

ಕಿಟಕಿಯ ಬಳಿ ಕನ್ನಡಿ ಹಿಡಿದು, ಮುಖವನ್ನು ಬೆಳಕಿಗೆ ಎತ್ತಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಕಪ್ಪು ಮಾಯವಾದರೆ ಅದು ಗುಳಿಯ ನೆರಳು, ಫಿಲ್ಲರ್ ಕೆಲಸ ಮಾಡಬಹುದು. ಬೆಳಕಿನಲ್ಲೂ ಹಾಗೇ ಉಳಿದರೆ ಅದು ಬಹುಮಟ್ಟಿಗೆ ಚರ್ಮದ ಬಣ್ಣವೇ. ಎಷ್ಟು ಜೆಲ್ ತುಂಬಿದರೂ ಹೋಗದು. ಅಮ್ಮನಿಂದ ಮಗಳಿಗೆ ಬಂದ ಕಪ್ಪು, ಅಲರ್ಜಿಯಿಂದ ಕಣ್ಣುಜ್ಜಿ ಉಜ್ಜಿ ಆದ ಕಪ್ಪು ನಮ್ಮಲ್ಲಿ ಧಾರಾಳ. ರಕ್ತಹೀನತೆಯಿಂದ ಮುಖ ಬಿಳಿಚಿಕೊಂಡಾಗಲೂ ಕಪ್ಪು ಎದ್ದು ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಸಾವಿರಾರು ರೂಪಾಯಿಯ ಸಿರಿಂಜಿಗೆ ಮುಂಚೆ ಹಿಮೋಗ್ಲೋಬಿನ್ ಪರೀಕ್ಷೆಗೆ ಬರೆದುಕೊಡದ ಕ್ಲಿನಿಕ್ಕನ್ನು ಹೇಗೆ ನಂಬುವುದು?

ಇನ್ನು ಅಪಾಯದ ಮಾತು. ದೊಡ್ಡ ಅನಾಹುತ ಅಪರೂಪ, ಆದರೆ ಆದಾಗ ಭೀಕರ. ಜೆಲ್ ಅಕಸ್ಮಾತ್ ರಕ್ತನಾಳ ಹೊಕ್ಕರೆ ಹಿಮ್ಮುಖವಾಗಿ ಹರಿದು ಕಣ್ಣಿನ ಅಪಧಮನಿಯನ್ನೇ ಮುಚ್ಚಬಹುದು. ಚರ್ಮ ಕೊಳೆಯಬಹುದು, ದೃಷ್ಟಿ ಹೋಗಬಹುದು, ಪಾರ್ಶ್ವವಾಯುವೂ ಆಗಬಹುದು ಎಂದು ಎಫ್‌ಡಿಎ 2015ರಲ್ಲೇ ಎಚ್ಚರಿಸಿದೆ. ರಕ್ತ ನಿಂತ ಅಕ್ಷಿಪಟಲಕ್ಕೆ ಉಳಿಯುವುದು ನಿಮಿಷಗಳ ಲೆಕ್ಕದ ಸಮಯ. ನಾಲ್ಕು ದಿನದ ಕೋರ್ಸ್ ಮುಗಿಸಿ, ಹುಬ್ಬು ತೀಡುವ ಕುರ್ಚಿಯಲ್ಲೇ ಸೂಜಿ ಹಿಡಿಯುವವರು ಆ ನಿಮಿಷಗಳಲ್ಲಿ ಏನು ಮಾಡಿಯಾರು? ಈ ಕೆಲಸ ಚರ್ಮರೋಗ ತಜ್ಞರು, ಪ್ಲಾಸ್ಟಿಕ್ ಸರ್ಜನ್‌ರಂಥ ತರಬೇತಾದ ವೈದ್ಯರದ್ದು. ಪಾರ್ಲರಿನಲ್ಲಿ ನಡೆದರೆ ಆರೋಗ್ಯ ಇಲಾಖೆ ಬಾಗಿಲು ಹಾಕಿಸಬೇಕು.

ಈ ಜೆಲ್ಲನ್ನು ಕರಗಿಸುವ ಔಷಧವೊಂದಿದೆ, ಹಯಲುರಾನಿಡೇಸ್. ಪುಟ್ಟ ಸೀಸೆ. ಚರ್ಮದ ರಕ್ತನಾಳ ಕಟ್ಟಿಕೊಂಡಾಗ ಮೊದಲು ಕೈ ಹೋಗುವುದು ಅದಕ್ಕೇ. ಸೂಜಿ ಚುಚ್ಚಿಸಿಕೊಳ್ಳಲು ಕೂತವರು ಅದನ್ನು ತರಿಸಿ, ಮೇಲೆ ಅಚ್ಚಾದ ಅವಧಿ ಮುಗಿಯುವ ದಿನಾಂಕವನ್ನು ತಾವೇ ಓದಲಿ.